ಕತ್ತರಿ ಎಲ್ಲಿ ಆಡಿದೆ? ಅಧಿಕಾರಿಯ ಮೇಲಿನ ಆರೋಪವನ್ನು ಪರಿಶೀಲಿಸುವ ಬಗೆ

ಅಧಿಕಾರದಲ್ಲಿರುವವರ ಬಗ್ಗೆ ಹಬ್ಬುವ ದಾರಿತಪ್ಪಿಸುವ ಸುದ್ದಿಗಳಲ್ಲಿ ಹಸಿ ಸುಳ್ಳಿನ ಪಾಲು ನಾವು ಅಂದುಕೊಂಡಷ್ಟು ಇರುವುದಿಲ್ಲ. ಒಂದು ಪಕ್ಷದ ಪರ ವಾದಿಸುವುದನ್ನೇ ಕಸುಬು ಮಾಡಿಕೊಂಡ ವ್ಯಾಖ್ಯಾನಕಾರನಿಗೆ ಸುಳ್ಳು ಹೊಸೆಯುವ ಅಗತ್ಯವೇ ಬೀಳದು. ಆಡಿದ ಮಾತು ನಿಜ, ತೆಗೆದ ಚಿತ್ರ ನಿಜ, ತೋರಿಸಿದ ಅಂಕಿಯೂ ನಿಜ. ಅವುಗಳ ಹಿಂದುಮುಂದನ್ನು ಕತ್ತರಿಸಿ ಬಿಸಾಡಿದರೆ ಕೆಲಸ ಮುಗಿಯಿತು. ಆದ್ದರಿಂದ ಪರಿಶೀಲನೆಗೆ ಕೂತವರು ‘ಇದು ನಿಜವೋ ಸುಳ್ಳೋ’ ಎಂದು ಕೇಳುವುದಕ್ಕಿಂತ ‘ಇಲ್ಲಿ ಏನನ್ನು ಬಿಟ್ಟಿದ್ದಾರೆ’ ಎಂದು ಕೇಳಿದರೆ ಬೇಗ ಗುಟ್ಟು ಸಿಗುತ್ತದೆ. ಇದಕ್ಕೆ ಪತ್ರಿಕೋದ್ಯಮದ ಪದವಿ ಬೇಡ. ಒಂದು ಮೊಬೈಲ್, ಅರ್ಧ ಗಂಟೆ ಮತ್ತು ಒಂದಿಷ್ಟು ಹಟ ಇದ್ದರೆ ಆಯಿತು. ಇಲ್ಲಿರುವ ಉದಾಹರಣೆಗಳೆಲ್ಲ ಅಮೆರಿಕದವು. ಅವುಗಳ ದಾಖಲೆಗಳೆಲ್ಲ ಹೊರಬಂದಿರುವುದರಿಂದ ಕತ್ತರಿ ಎಲ್ಲಿ ಆಡಿತೆಂದು ಬೆರಳಿಟ್ಟು ತೋರಿಸಬಹುದು.

ಮೊದಲ ಹೆಜ್ಜೆ: ಆರೋಪವನ್ನು ಒಂದು ವಾಕ್ಯಕ್ಕೆ ಇಳಿಸಿ

ಹತ್ತು ನಿಮಿಷದ ವಿಡಿಯೊ ನೋಡಿ ಮುಗಿಸಿದಾಗ ಮನಸ್ಸಿನಲ್ಲಿ ಉಳಿದಿರುವುದು ಸಿಟ್ಟೇ ಹೊರತು ಆರೋಪವಲ್ಲ. ಕಾಗದ ತೆಗೆದುಕೊಂಡು ಬರೆಯಿರಿ: ಯಾರು, ಯಾವಾಗ, ಯಾವ ಹುದ್ದೆಯಲ್ಲಿದ್ದಾಗ, ಏನು ಮಾಡಿದರು? ‘ಬೆಚ್ಚಿಬೀಳಿಸುವ’, ‘ಬಣ್ಣ ಬಯಲಾದ’, ‘ನಾಚಿಕೆಗೇಡಿನ’ ಎಂಬ ವಿಶೇಷಣಗಳನ್ನೆಲ್ಲ ಹೊಡೆದು ಹಾಕಿ. ಎಷ್ಟೋ ಸಲ ಅವನ್ನು ತೆಗೆದ ಮೇಲೆ ಬರೆಯಲು ಏನೂ ಉಳಿಯುವುದಿಲ್ಲ.

ಪ್ರಶ್ನೆಯ ರೂಪದಲ್ಲಿ ಬರುವ ಆರೋಪದ ಬಗ್ಗೆ ವಿಶೇಷ ಎಚ್ಚರ ಬೇಕು. ‘ಆ ಗುತ್ತಿಗೆಯಲ್ಲಿ ಇವರಿಗೆ ಪಾಲು ಸಿಕ್ಕಿರಬಹುದಲ್ಲವೇ?’ ಎಂದು ಕೇಳಿ, ಮರುಕ್ಷಣವೇ ‘ಪ್ರಶ್ನೆ ಕೇಳುವುದೂ ತಪ್ಪೇ?’ ಎಂದು ಮುಗ್ಧತೆ ನಟಿಸುವವರಿದ್ದಾರೆ. ಪ್ರಶ್ನೆಯನ್ನು ಹೇಳಿಕೆಯಾಗಿ ತಿರುಗಿಸಿ: ‘ಆ ಗುತ್ತಿಗೆಯಲ್ಲಿ ಇವರಿಗೆ ಪಾಲು ಸಿಕ್ಕಿದೆ.’ ಎಷ್ಟು, ಯಾವಾಗ, ಯಾರ ಮೂಲಕ ಎಂಬ ಜಾಗಗಳು ಖಾಲಿ ಬಿದ್ದಿರುವುದು ಆಗ ಕಣ್ಣಿಗೆ ಹೊಡೆಯುತ್ತದೆ. ಇನ್ನು ‘ಈ ಅಧಿಕಾರಿ ಅಸಮರ್ಥ’ ಎಂಬುದು ಅಭಿಪ್ರಾಯ. ಅದನ್ನು ಒಪ್ಪಬಹುದು, ಬಿಡಬಹುದು, ಪರಿಶೀಲಿಸಲು ಬಾರದು.

ಸಣ್ಣ ತಪ್ಪು ಬೇರೆ, ವಂಚನೆ ಬೇರೆ ಎಂಬುದನ್ನೂ ಇಲ್ಲಿಯೇ ನೆನಪಿಟ್ಟುಕೊಳ್ಳಬೇಕು. 1960ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ನಾಗರಿಕ ಹಕ್ಕುಗಳ ಹೋರಾಟದ ಪರವಾಗಿ ಪೂರ್ಣಪುಟದ ಜಾಹೀರಾತೊಂದು ಬಂತು. ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಏಳು ಬಾರಿ ಬಂಧಿಸಲಾಗಿದೆ ಎಂದು ಅದರಲ್ಲಿತ್ತು. ಆಗಿದ್ದುದು ನಾಲ್ಕು ಬಾರಿ. ವಿದ್ಯಾರ್ಥಿಗಳು ಹಾಡಿದ ಹಾಡಿನ ಹೆಸರೂ ತಪ್ಪಾಗಿತ್ತು. ಜಾಹೀರಾತು ಪೊಲೀಸರನ್ನು ಟೀಕಿಸಿತ್ತು, ಆದರೆ ಮಾಂಟ್ಗೊಮೆರಿ ನಗರದಲ್ಲಿ ಪೊಲೀಸರ ಉಸ್ತುವಾರಿ ಹೊತ್ತಿದ್ದ ಕಮಿಷನರ್ ಸಲಿವನ್ ಅವರ ಹೆಸರು ಜಾಹೀರಾತಿನಲ್ಲಿ ಎಲ್ಲಿಯೂ ಇರಲಿಲ್ಲ. ಆದರೂ ಅವರು ಮಾನನಷ್ಟ ಮೊಕದ್ದಮೆ ಹೂಡಿ ಕೆಳಗಿನ ನ್ಯಾಯಾಲಯದಲ್ಲಿ ಐದು ಲಕ್ಷ ಡಾಲರ್ ಪರಿಹಾರ ಗೆದ್ದರು. 1964ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಸಾರ್ವಜನಿಕ ಅಧಿಕಾರಿಯ ಟೀಕೆಯಲ್ಲಿ ತಪ್ಪು ನುಸುಳಿದೆ ಎಂಬುದಷ್ಟೇ ಸಾಲದು. ಸುಳ್ಳೆಂದು ತಿಳಿದೇ ಬರೆದಿರಬೇಕು, ಇಲ್ಲವೇ ನಿಜವೋ ಸುಳ್ಳೋ ಎಂಬ ಪರಿವೆಯೇ ಇಲ್ಲದೆ ಬರೆದಿರಬೇಕು ಎಂದು ನ್ಯಾಯಾಲಯ ಹೇಳಿತು. ಓದುಗರಿಗೂ ಈ ಅಳತೆಗೋಲು ಉಪಯೋಗಕ್ಕೆ ಬರುತ್ತದೆ. ಸಂಖ್ಯೆಯೊಂದು ತಪ್ಪಿತೆಂದು ಇಡೀ ಆರೋಪವನ್ನೇ ತಳ್ಳಿಹಾಕುವುದು ಅಧಿಕಾರಿಯ ಬೆಂಬಲಿಗರ ಹಳೆಯ ವರಸೆ.

ಎರಡನೆಯ ಹೆಜ್ಜೆ: ಮೊದಲು ಹೇಳಿದವರನ್ನು ಹುಡುಕಿ

ಹತ್ತು ಕಡೆ ಬಂದ ಮಾತ್ರಕ್ಕೆ ಹತ್ತು ಮೂಲಗಳಿವೆ ಎಂದಲ್ಲ. ‘ವರದಿಗಳ ಪ್ರಕಾರ’ ಎಂದಿರುವಲ್ಲೆಲ್ಲ ಲಿಂಕ್ ಒತ್ತುತ್ತಾ ಹಿಂದೆ ಹೋಗಿ. ಕೊನೆಗೆ ಒಂದೇ ಒಂದು ಪೋಸ್ಟ್ ಸಿಗಬಹುದು. ಅಥವಾ ಅದೇ ವ್ಯಾಖ್ಯಾನಕಾರ ಹಿಂದಿನ ವಾರ ಬರೆದದ್ದೇ ಈ ವಾರದ ಆಧಾರವಾಗಿರಬಹುದು.

ಆ ಜಾಲತಾಣ ನಂಬಿಕೆಗೆ ಅರ್ಹವೇ ಎಂದು ತಿಳಿಯಲು ಅದರೊಳಗೇ ಕೂತು ಓದುತ್ತಿರಬೇಡಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 10 ಇತಿಹಾಸಕಾರರು, ಸುದ್ದಿಯ ನಿಜಾಂಶ ಪರಿಶೀಲಿಸುವ 10 ವೃತ್ತಿಪರ ಫ್ಯಾಕ್ಟ್‌ಚೆಕರ್‌ಗಳು ಮತ್ತು 25 ವಿದ್ಯಾರ್ಥಿಗಳ ಮುಂದೆ ಜಾಲತಾಣಗಳನ್ನು ಇಟ್ಟು, ಅವರು ಹೇಗೆ ಅಳೆಯುತ್ತಾರೆಂದು ನೋಡಿದರು. ಎಷ್ಟೋ ಇತಿಹಾಸಕಾರರು, ಹೆಚ್ಚಿನ ವಿದ್ಯಾರ್ಥಿಗಳು ಪುಟದೊಳಗೇ ಉಳಿದು ಅಂದವಾದ ಲೋಗೊಗೆ, ಗಂಭೀರ ಹೆಸರಿಗೆ ಮರುಳಾದರು. ಫ್ಯಾಕ್ಟ್‌ಚೆಕರ್‌ಗಳು ಮಾತ್ರ ಪುಟವನ್ನು ಅರೆಬರೆ ನೋಡಿ ಹೊರಬಂದು, ಹೊಸ ಟ್ಯಾಬ್‌ಗಳಲ್ಲಿ ‘ಇವರ ಬಗ್ಗೆ ಬೇರೆಯವರು ಏನೆನ್ನುತ್ತಾರೆ’ ಎಂದು ಹುಡುಕಿದರು. ಬೇಗ ಉತ್ತರ ಸಿಕ್ಕಿದ್ದು ಅವರಿಗೆ.

ಮೂಲ ದಾಖಲೆ ಸಿಕ್ಕರೆ ಅದನ್ನೇ ಓದಿ. 2009ರಲ್ಲಿ ಒಬಾಮ ಸರ್ಕಾರದ ಆರೋಗ್ಯ ಮಸೂದೆಯಿಂದ ‘ಸಾವಿನ ಮಂಡಳಿ’ಗಳು ಬರುತ್ತವೆ, ಯಾರು ಬದುಕಬೇಕೆಂದು ಅಧಿಕಾರಿಗಳು ತೀರ್ಮಾನಿಸುತ್ತಾರೆ ಎಂಬ ಮಾತು ಹಬ್ಬಿತು. ಅಲಾಸ್ಕಾ ರಾಜ್ಯದ ಮಾಜಿ ಗವರ್ನರ್ ಸಾರಾ ಪೇಲಿನ್ ಫೇಸ್‌ಬುಕ್‌ನಲ್ಲಿ ಬರೆದದ್ದನ್ನು ವ್ಯಾಖ್ಯಾನಕಾರರು ಊರೆಲ್ಲ ಸಾರಿದರು. ಮಸೂದೆಯ 1233ನೇ ಕಲಂ ತೆರೆದು ನೋಡಿದವರಿಗೆ ಕಂಡದ್ದು ಬೇರೆ: ಬದುಕಿನ ಕೊನೆಯ ಹಂತದ ಚಿಕಿತ್ಸೆ ಹೇಗಿರಬೇಕೆಂದು ರೋಗಿ ತಾನಾಗಿ ಬಯಸಿ ವೈದ್ಯರೊಂದಿಗೆ ಸಮಾಲೋಚಿಸಿದರೆ, ಆ ಶುಲ್ಕವನ್ನು ಸರ್ಕಾರದ ವಿಮೆ ಭರಿಸುತ್ತದೆ ಎಂಬುದು. ಮಂಡಳಿಯ ಸುಳಿವೇ ಇರಲಿಲ್ಲ. ಸಾವಿರ ಪುಟದ ಮಸೂದೆಯನ್ನು ಯಾರೂ ತೆರೆಯುವುದಿಲ್ಲ ಎಂಬ ಧೈರ್ಯವೇ ಇಂಥ ಮಾತುಗಳ ಬಂಡವಾಳ. ತೆರೆಯಬೇಕಾದದ್ದು ಒಂದೆರಡು ಪುಟ ಮಾತ್ರ.

ಮೂರನೆಯ ಹೆಜ್ಜೆ: ವಿಡಿಯೊ ಆದರೆ ಪೂರ್ತಿ ನೋಡಿ

ಕತ್ತರಿ ಹೆಚ್ಚು ಆಡುವುದು ಇಲ್ಲೇ. ಶರ್ಲಿ ಶೆರಾಡ್ ಪ್ರಕರಣವನ್ನು ಹತ್ತಿರದಿಂದ ನೋಡಿದರೆ ಈ ಕಸುಬಿನ ಎಲ್ಲ ಕೈಚಳಕಗಳೂ ಒಂದೇ ಕಡೆ ಸಿಗುತ್ತವೆ.

ಶೆರಾಡ್ ಅಮೆರಿಕದ ಕೃಷಿ ಇಲಾಖೆಯಲ್ಲಿ ಜಾರ್ಜಿಯಾ ರಾಜ್ಯದ ಗ್ರಾಮೀಣಾಭಿವೃದ್ಧಿ ನಿರ್ದೇಶಕಿ, ಕಪ್ಪು ವರ್ಣೀಯ ಮಹಿಳೆ. 2010ರ ಜುಲೈ 19ರಂದು ಬಲಪಂಥೀಯ ವ್ಯಾಖ್ಯಾನಕಾರ ಆಂಡ್ರ್ಯೂ ಬ್ರೈಟ್‌ಬಾರ್ಟ್ ಈಕೆಯ ಭಾಷಣದ ತುಣುಕೊಂದನ್ನು ಪ್ರಕಟಿಸಿದ. ನೆರವು ಕೇಳಿ ಬಂದ ಬಿಳಿಯ ರೈತನಿಗೆ ತನ್ನಿಂದ ಆಗುವಷ್ಟನ್ನೂ ಮಾಡಲಿಲ್ಲ ಎಂದು ಅದರಲ್ಲಿ ಆಕೆ ಹೇಳುತ್ತಿದ್ದರು. ಸರ್ಕಾರಿ ಹುದ್ದೆಯಲ್ಲಿ ಕೂತು ಜನಾಂಗ ನೋಡಿ ತಾರತಮ್ಯ ಮಾಡುತ್ತೇನೆಂದು ಈಕೆ ಒಪ್ಪಿಕೊಂಡಿದ್ದಾರೆ ಎಂಬ ಬರಹವನ್ನು ವಿಡಿಯೊ ಮೇಲೆಯೇ ಅಂಟಿಸಲಾಗಿತ್ತು. ಸಂಜೆಯೊಳಗೆ ಕೆಲಸ ಹೋಯಿತು. ಪ್ರಯಾಣದಲ್ಲಿದ್ದ ತಮಗೆ ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ ಅಲ್ಲಿಂದಲೇ ರಾಜೀನಾಮೆ ಕಳುಹಿಸುವಂತೆ ಒತ್ತಾಯ ಬಂತೆಂದು ಆಕೆ ಆಮೇಲೆ ಹೇಳಿದರು. ಭಾಷಣ ನಡೆದದ್ದು ಕಪ್ಪು ವರ್ಣೀಯರ ಹಕ್ಕುಗಳ ಸಂಘಟನೆಯಾದ ಎನ್‌ಎಎಸಿಪಿಯ ಸಭೆಯಲ್ಲಿ. ಆ ಸಂಘಟನೆಯೂ ಮೊದಲು ಆಕೆಯನ್ನೇ ಖಂಡಿಸಿತು!

ಮರುದಿನ ಸುಮಾರು 43 ನಿಮಿಷದ ಪೂರ್ಣ ವಿಡಿಯೊ ಹೊರಬಂತು. ಆಕೆ ಹೇಳುತ್ತಿದ್ದುದು 1986ರ ಕತೆ. ಆಗ ಆಕೆ ಸರ್ಕಾರಿ ಅಧಿಕಾರಿಯಲ್ಲ, ರೈತರಿಗೆ ನೆರವಾಗುವ ಸಂಸ್ಥೆಯೊಂದರಲ್ಲಿ ಇದ್ದರು. ಮೊದಲು ತಮಗಿದ್ದ ಹಿಂಜರಿಕೆ, ಆಮೇಲೆ ಮನಸ್ಸು ಬದಲಾದದ್ದು, ಸಮಸ್ಯೆ ಬಣ್ಣದ್ದಕ್ಕಿಂತ ಬಡತನದ್ದು ಎಂದು ಅರಿವಾದದ್ದು, ಕೊನೆಗೆ ಆ ರೈತನ ಜಮೀನು ಉಳಿಸಲು ಓಡಾಡಿದ್ದು ಎಲ್ಲವೂ ಭಾಷಣದಲ್ಲಿತ್ತು. ಆ ರೈತ ದಂಪತಿಯೇ ಟಿವಿಗೆ ಬಂದು ‘ನಮ್ಮ ಜಮೀನು ಉಳಿಸಿದವರು ಇವರು’ ಎಂದರು. ಕೃಷಿ ಸಚಿವರು ಬಹಿರಂಗವಾಗಿ ಕ್ಷಮೆ ಕೇಳಿ ಬೇರೆ ಹುದ್ದೆ ಕೊಡಲು ಮುಂದಾದರು, ಶೆರಾಡ್ ಒಪ್ಪಲಿಲ್ಲ.

ಕತ್ತರಿ ಮೂರು ಕಡೆ ಆಡಿದೆ, ಗಮನಿಸಿ. ಕತೆಯ ಕೊನೆ ಹೋಯಿತು, ಕಾಲ ಹೋಯಿತು, ಆಕೆ ಆಗ ಯಾವ ಕೆಲಸದಲ್ಲಿದ್ದರು ಎಂಬುದು ಹೋಯಿತು. ತೋರಿಸಿದ ಒಂದೊಂದು ಮಾತನ್ನೂ ಆಕೆಯೇ ಆಡಿದ್ದರು.

ಹಾಗಾಗಿ ತುಣುಕು ಕೈಗೆ ಬಂದಾಗ ಮೂರು ಕಡೆ ಕಣ್ಣಿಡಿ: ಮಾತು ಮಧ್ಯದಲ್ಲೇ ಶುರುವಾಗಿದೆಯೇ, ಮಧ್ಯದಲ್ಲೇ ನಿಂತಿದೆಯೇ, ಪರದೆಯ ಮೇಲಿನ ಬರಹ ಬಾಯಲ್ಲಿ ಬಂದ ಮಾತಿಗಿಂತ ಹೆಚ್ಚೇನಾದರೂ ಹೇಳುತ್ತಿದೆಯೇ. ಆಮೇಲೆ ತುಣುಕಿನಲ್ಲಿ ಕೇಳಿಸಿದ ಒಂದು ಅಪರೂಪದ ಪದಗುಚ್ಛವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಸಭೆಯ ಹೆಸರಿನೊಂದಿಗೆ ಹುಡುಕಿದರೆ ಬಹುಪಾಲು ಪೂರ್ಣ ಭಾಷಣ ಸಿಗುತ್ತದೆ. ಸಿಕ್ಕರೆ, ಕತ್ತರಿಸಿದ ಜಾಗಕ್ಕಿಂತ ಮೊದಲ ಐದು ನಿಮಿಷ ಮತ್ತು ನಂತರದ ಐದು ನಿಮಿಷ ಕೇಳಿ.

ಕತ್ತರಿಯೇ ಇಲ್ಲದೆ ಕೆಡಿಸುವ ದಾರಿಯೂ ಇದೆ. 2019ರ ಮೇ ತಿಂಗಳಲ್ಲಿ ಅಮೆರಿಕದ ಪ್ರತಿನಿಧಿ ಸಭೆಯ ಆಗಿನ ಸ್ಪೀಕರ್ ನ್ಯಾನ್ಸಿ ಪೆಲೊಸಿ ಅಮಲಿನಲ್ಲಿ ತೊದಲುತ್ತಿರುವಂತೆ ಕಾಣುವ ವಿಡಿಯೊ ಹರಿದಾಡಿತು. ಮೂಲ ವೇಗವನ್ನು ಸುಮಾರು 75 ಪ್ರತಿಶತಕ್ಕೆ ಇಳಿಸಿದ್ದರು, ಅಷ್ಟೇ. ಯೂಟ್ಯೂಬ್ ಅದನ್ನು ತೆಗೆದುಹಾಕಿತು, ಫೇಸ್‌ಬುಕ್ ತೆಗೆಯಲಿಲ್ಲ. ವೇದಿಕೆಗಳು ಸೋಸಿ ಕೊಡುತ್ತವೆ ಎಂದು ನೆಚ್ಚಿಕೊಂಡವರಿಗೆ ಇದೊಂದೇ ಸಾಕು.

ನಾಲ್ಕನೆಯ ಹೆಜ್ಜೆ: ತಾರೀಖು, ಅಧಿಕಾರ, ಅಂಕಿ

ಚಿತ್ರವನ್ನು ಗೂಗಲ್ ಅಥವಾ ಟಿನ್‌ಐನಲ್ಲಿ ಹಿಮ್ಮುಖ ಹುಡುಕಾಟಕ್ಕೆ (ಅದೇ ಚಿತ್ರ ಹಿಂದೆ ಎಲ್ಲೆಲ್ಲಿ ಬಂದಿದೆ ಎಂದು ತೋರಿಸುವ ಸೌಲಭ್ಯಕ್ಕೆ) ಹಾಕಿ, ಸಿಕ್ಕ ಫಲಿತಾಂಶಗಳಲ್ಲಿ ಎಲ್ಲಕ್ಕಿಂತ ಹಳೆಯದನ್ನು ತೆರೆಯಿರಿ. 2018ರ ಮೇ ತಿಂಗಳಲ್ಲಿ ಟ್ರಂಪ್ ಆಡಳಿತದ ವಲಸೆ ನೀತಿಯನ್ನು ಖಂಡಿಸುತ್ತಾ, ಬೇಲಿಯೊಳಗೆ ಮಲಗಿದ್ದ ಮಕ್ಕಳ ಚಿತ್ರವೊಂದನ್ನು ಹಲವರು ಹಂಚಿಕೊಂಡರು. ಹಂಚಿಕೊಂಡವರಲ್ಲಿ ಒಬಾಮ ಅವರಿಗೆ ಭಾಷಣ ಬರೆದುಕೊಡುತ್ತಿದ್ದ, ಆಮೇಲೆ ಪಾಡ್‌ಕಾಸ್ಟ್ ವ್ಯಾಖ್ಯಾನಕಾರರಾದ ಜಾನ್ ಫಾವ್ರೋ ಕೂಡ ಇದ್ದರು. ಚಿತ್ರ 2014ರದ್ದು, ಅಂದರೆ ಒಬಾಮ ಕಾಲದ್ದೇ! ಫಾವ್ರೋ ಅದನ್ನು ಅಳಿಸಿದರು. ಗಡಿಯಲ್ಲಿ ಕುಟುಂಬಗಳನ್ನು ಬೇರ್ಪಡಿಸಿದ್ದು ಆ ವರ್ಷ ನಿಜವಾಗಿಯೂ ನಡೆದ ಸಂಗತಿ. ಆದರೆ ತಪ್ಪು ತಾರೀಖಿನ ಒಂದು ಚಿತ್ರದಿಂದ ಆ ನೈಜ ಆರೋಪವನ್ನೂ ಗೇಲಿ ಮಾಡಲು ಎದುರು ಪಾಳಯಕ್ಕೆ ದಾರಿ ಸಿಕ್ಕಿತು. ನಮಗೆ ಇಷ್ಟವಾಗುವ ಸುದ್ದಿಯನ್ನೇ ಮೊದಲು ಪರಿಶೀಲಿಸಬೇಕು ಎನ್ನುವುದು ಇದಕ್ಕಾಗಿ.

ಆರೋಪದಲ್ಲಿ ಹೇಳಿದ ಕೆಲಸ ಮಾಡುವ ಅಧಿಕಾರ ಆ ಹುದ್ದೆಗೆ ಇದೆಯೇ ಎಂದೂ ನೋಡಿ. ಸಮಿತಿಯ ತೀರ್ಮಾನ, ನ್ಯಾಯಾಲಯದ ಆದೇಶ, ಹಿಂದಿನವರು ಸಹಿ ಹಾಕಿಹೋದ ಕಡತ, ಎಲ್ಲವೂ ಈಗ ಕುರ್ಚಿಯಲ್ಲಿರುವವರ ತಲೆಗೇ ಕಟ್ಟಲ್ಪಡುತ್ತವೆ. ಅಂಕಿಗಳ ವಿಷಯ ಇನ್ನೂ ಸರಳ: ‘ದುಪ್ಪಟ್ಟಾಯಿತು’ ಎಂದರೆ ಎಷ್ಟಿದ್ದದ್ದು ಎಷ್ಟಾಯಿತು ಎಂದು ಕೇಳಿ. ಎರಡಿದ್ದದ್ದು ನಾಲ್ಕಾದರೂ ದುಪ್ಪಟ್ಟೇ.

ಐದನೆಯ ಹೆಜ್ಜೆ: ಅಧಿಕಾರಿಯ ಉತ್ತರವನ್ನೂ ಅದೇ ತಕ್ಕಡಿಗೆ ಹಾಕಿ

ವ್ಯಾಖ್ಯಾನಕಾರ ಅಧಿಕಾರಿಯ ಪ್ರತಿಕ್ರಿಯೆ ಕೇಳಿದ್ದಾನೆಯೇ? ಕೇಳಿ ಎಷ್ಟು ಸಮಯ ಕೊಟ್ಟಿದ್ದಾನೆ? ಸುದ್ದಿ ಮಾಡುವವರಿಗೂ ಸುದ್ದಿಯನ್ನು ಬಳಸಿಕೊಳ್ಳುವವರಿಗೂ ಇರುವ ವ್ಯತ್ಯಾಸ ಇಲ್ಲಿ ಚೆನ್ನಾಗಿ ಕಾಣುತ್ತದೆ.

ಆದರೆ ನಿರಾಕರಣೆಯೇ ಪುರಾವೆಯಲ್ಲ. ‘ಇದೆಲ್ಲ ಸುಳ್ಳು ಸುದ್ದಿ, ರಾಜಕೀಯ ಪ್ರೇರಿತ’ ಎಂಬ ಒಂದು ಸಾಲಿನ ಹೇಳಿಕೆಯ ಹಿಂದೆ ಅಡಗಿ ಕೂರುವ ಅಧಿಕಾರಿಗಳಿಗೂ ಬರವಿಲ್ಲ. ಆರೋಪ ಮಾಡಿದವನು ಪಕ್ಷಪಾತಿ ಎಂದಮಾತ್ರಕ್ಕೆ ಆರೋಪ ಸುಳ್ಳಾಗದು. ಪಕ್ಷಪಾತಿಗಳು ಹೊರಗೆಳೆದ ನಿಜವಾದ ಹಗರಣಗಳೂ ಇವೆ. ನಿರಾಕರಣೆ ಯಾವುದನ್ನು ನಿರಾಕರಿಸುತ್ತಿದೆ ಎಂದು ನೀವು ಬರೆದಿಟ್ಟ ವಾಕ್ಯದ ಪಕ್ಕ ಇಟ್ಟು ನೋಡಿ. ‘ನಾನು ಯಾವ ಕಾನೂನನ್ನೂ ಮುರಿದಿಲ್ಲ’ ಎಂಬ ಉತ್ತರಕ್ಕೂ ‘ಆ ಸಭೆಗೆ ನಾನು ಹೋಗಿಲ್ಲ’ ಎಂಬ ಉತ್ತರಕ್ಕೂ ಬಹಳ ಅಂತರವಿದೆ. ಎರಡನೆಯದನ್ನು ಪರಿಶೀಲಿಸಬಹುದು. ಸರ್ಕಾರಿ ಕಡತಗಳನ್ನು ನೋಡುವ ಹಕ್ಕು ಈಗ ಅನೇಕ ದೇಶಗಳ ಕಾನೂನಿನಲ್ಲಿದೆ. ಸ್ವೀಡನ್ 1766ರಷ್ಟು ಹಿಂದೆಯೇ ಅದನ್ನು ಕೊಟ್ಟಿತ್ತು.

ಆರನೆಯ ಹೆಜ್ಜೆ: ತಿದ್ದುವುದಾದರೆ ಹೀಗೆ

ಪೋಸ್ಟ್ ಯಾವಾಗ ಬೇಕಾದರೂ ಮಾಯವಾಗಬಹುದು. ಆದ್ದರಿಂದ ತಾರೀಖು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ, ಪುಟವನ್ನು ಜಾಲತಾಣಗಳ ಹಳೆಯ ಪ್ರತಿಗಳನ್ನು ಕಾಯ್ದಿಡುವ ವೇಬ್ಯಾಕ್ ಮಷಿನ್‌ನಲ್ಲಿ ಉಳಿಸಿ.

ಹಂಚಿದವರು ಪರಿಚಯದವರಾದರೆ ಎಲ್ಲರೆದುರು ಮುಖಭಂಗ ಮಾಡುವುದಕ್ಕಿಂತ ಖಾಸಗಿಯಾಗಿ ಹೇಳುವುದು ಲೇಸು. ಸುಳ್ಳನ್ನೇ ತಲೆಬರಹ ಮಾಡಬೇಡಿ. ಪದೇ ಪದೇ ಕೇಳಿದ ಮಾತು ನಿಜವೆನಿಸತೊಡಗುತ್ತದೆ ಎಂಬುದನ್ನು ಮನಃಶಾಸ್ತ್ರಜ್ಞರು 1977ರಲ್ಲೇ ಪ್ರಯೋಗದಿಂದ ತೋರಿಸಿದ್ದಾರೆ. ‘ಅಧಿಕಾರಿ ಲಂಚ ಪಡೆದಿಲ್ಲ’ ಎಂದು ಸಾರಿದರೂ ಅಧಿಕಾರಿ ಮತ್ತು ಲಂಚ ಎಂಬ ಜೋಡಿ ತಲೆಯಲ್ಲಿ ಕೂರುತ್ತದೆ. ಮೊದಲ ಸಾಲಿನಲ್ಲಿ ನಡೆದದ್ದೇನು ಎಂದು ಬರೆಯಿರಿ, ಎರಡನೆಯದರಲ್ಲಿ ಏನನ್ನು ಕತ್ತರಿಸಲಾಗಿತ್ತು ಎಂದು ಬರೆಯಿರಿ, ಕೊನೆಗೆ ಪೂರ್ಣ ವಿಡಿಯೊ ಅಥವಾ ದಾಖಲೆಯ ಲಿಂಕ್ ಕೊಡಿ. ಯಾವ ನಿಮಿಷದಿಂದ ನೋಡಬೇಕೆಂದು ತಿಳಿಸಲು ಮರೆಯಬೇಡಿ. 43 ನಿಮಿಷದ ಭಾಷಣವನ್ನು ಪೂರ್ತಿ ಕೇಳುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.