ಸೈಬರ್ ಸೆಕ್ಯೂರಿಟಿ ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ಒಂದು ತಿಂಗಳು ಇದನ್ನು ಮಾಡಿ

ಹೋದ ವಾರ ನಮ್ಮ ಬೀದಿಯ ಹುಡುಗನೊಬ್ಬ ಮನೆಗೆ ಬಂದಿದ್ದ. ಬಿಸಿಎ ಕೊನೇ ವರ್ಷ. ಕೈಯಲ್ಲಿ ಒಂದು ಕರಪತ್ರ. ಮುಖ ಮುಚ್ಚುವಷ್ಟು ಟೋಪಿ ಎಳೆದುಕೊಂಡು ಕತ್ತಲಲ್ಲಿ ಕೂತ ಒಬ್ಬ ಮನುಷ್ಯ, ಹಿಂದೆ ಹಸಿರು ಅಕ್ಷರಗಳ ಮಳೆ. ಆರು ತಿಂಗಳ ಕೋರ್ಸು, 85 ಸಾವಿರ ರೂಪಾಯಿ. ಅವನ ಅಪ್ಪ ಎಪಿಎಂಸಿಯಲ್ಲಿ ಮೂಟೆ ಹೊರುತ್ತಾರೆ. "ಸೇರಬಹುದಾ ಅಕ್ಕಾ?" ಅಂತ ಕೇಳಿದ.

ಈಗಲೇ ಬೇಡ, ಮೊದಲು ಒಂದು ತಿಂಗಳು ಮನೆಯಲ್ಲೇ ಈ ಕೆಲಸ ಮಾಡಿ ನೋಡು ಅಂದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ದಾವಣಗೆರೆಯಲ್ಲಿ ಇನ್ನೂ ಎಷ್ಟೋ ಮನೆಗಳಲ್ಲಿ ಇರುತ್ತೆ ಅಲ್ವಾ.

ನಾನು 2018ರಲ್ಲಿ ಬೆಂಗಳೂರಿನಲ್ಲಿ ಕೆಲಸ ಶುರು ಮಾಡಿದೆ. 2020ರಲ್ಲಿ ಕೊರೊನಾ ಬಂದಾಗ ಊರಿಗೆ ಬಂದವಳು ಈಗಲೂ ಇಲ್ಲಿಂದಲೇ ಮಾಡುತ್ತಿದ್ದೇನೆ. ನನ್ನ ಕೆಲಸ ಸೆಕ್ಯೂರಿಟಿ ಆಪರೇಷನ್ಸ್ ಸೆಂಟರಿನದ್ದು, ನಮ್ಮ ಬಾಯಲ್ಲಿ 'ಸಾಕ್'. ಕಂಪನಿಯ ಕಂಪ್ಯೂಟರ್, ಸರ್ವರ್, ಮೇಲ್ ಎಲ್ಲದರ ಲಾಗ್‌ಗಳು, ಅಂದರೆ ಯಾವಾಗ ಏನಾಯಿತು ಅನ್ನುವ ದಾಖಲೆಗಳು, ಒಂದು ಕಡೆ ಬಂದು ಬೀಳುತ್ತವೆ. ಅನುಮಾನ ಬಂದ ಕಡೆ ಸಾಫ್ಟ್‌ವೇರ್ ಒಂದು ಅಲರ್ಟ್ ಎತ್ತುತ್ತದೆ. ಅದು ನಿಜವೋ ಸುಳ್ಳೋ ಅಂತ ನೋಡುವವರು ನಾವು.

ಒಂದು ಮಾಮೂಲಿ ರಾತ್ರಿ ಹೀಗಿರುತ್ತದೆ. ಹನ್ನೊಂದೂವರೆಗೆ ಒಂದು ಅಲರ್ಟ್: ಒಬ್ಬ ಉದ್ಯೋಗಿಯ ಅಕೌಂಟಿಗೆ ಮುನ್ನೂರಕ್ಕೂ ಜಾಸ್ತಿ ಸಲ ತಪ್ಪು ಪಾಸ್‌ವರ್ಡ್. ಯಾರೋ ಒಳಗೆ ನುಗ್ಗಲು ನೋಡುತ್ತಿದ್ದಾರೆ ಅನಿಸುತ್ತದೆ. ಎಲ್ಲಿಂದ ಬಂತು, ಯಾವ ಸಾಧನ, ಎಷ್ಟು ಸೆಕೆಂಡಿಗೊಮ್ಮೆ ಅಂತ ಒಂದೊಂದೇ ನೋಡುತ್ತಾ ಹೋಗಬೇಕು. ಮುಕ್ಕಾಲು ಗಂಟೆ ಆದ ಮೇಲೆ ಗೊತ್ತಾಗುತ್ತದೆ, ಆ ಮನುಷ್ಯ ಮಧ್ಯಾಹ್ನ ಪಾಸ್‌ವರ್ಡ್ ಬದಲಾಯಿಸಿದ್ದಾನೆ, ಅವನ ಫೋನಿನ ಮೇಲ್ ಆ್ಯಪ್ ಮಾತ್ರ ಹಳೇದನ್ನೇ ಕೊಡುತ್ತಾ ಕೂತಿದೆ. ಅಷ್ಟನ್ನೂ ಟಿಕೆಟ್ಟಿನಲ್ಲಿ, ಅಂದರೆ ಆ ಅಲರ್ಟಿನ ಕಡತದಲ್ಲಿ, ಬರೆದು ಮುಚ್ಚಬೇಕು. ಅಷ್ಟರಲ್ಲಿ ಇನ್ನೂ ಹನ್ನೆರಡು ಅಲರ್ಟ್ ಸಾಲಿನಲ್ಲಿ ನಿಂತಿರುತ್ತವೆ.

ನಮ್ಮ ಅಮ್ಮ ಇಪ್ಪತ್ತು ವರ್ಷ ಮಂಡಕ್ಕಿ ಭಟ್ಟಿಯಲ್ಲಿ ದುಡಿದವರು. ಕಾದ ಮರಳಿನಲ್ಲಿ ಹುರಿದ ಮಂಡಕ್ಕಿಯನ್ನು ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಹೊಗೆಯಲ್ಲಿ, ಸೆಕೆಯಲ್ಲಿ, ದಿನವಿಡೀ ಅದೇ. ನನ್ನ ಕೆಲಸ ಏನು ಅಂತ ಅಮ್ಮ ಕೇಳಿದಾಗ "ಜರಡಿ ಹಿಡಿಯೋದಮ್ಮ" ಅಂದೆ. ತಟ್ಟನೆ ಅರ್ಥವಾಯಿತು. "ಹಾಗಾದ್ರೆ ಕೈ ಸೋತರೂ ಕಣ್ಣು ಸೋಲಬಾರದು" ಅಂದರು. ಕೆಲಸಕ್ಕೆ ಸೇರಿದಾಗ ನನಗೆ ಯಾರೂ ಇಷ್ಟು ಸರಿಯಾಗಿ ಹೇಳಿರಲಿಲ್ಲ.

ಕಣ್ಣು ಸೋಲಬಾರದು ಅಂದರೆ ಏನು ಅಂತ 2023ರ ಒಂದು ರಾತ್ರಿ ನೋಡಿದೆ. ಅಲರ್ಟ್ ತುಂಬ ಚಿಕ್ಕದು. ಅಕೌಂಟ್ಸ್ ವಿಭಾಗದ ಒಬ್ಬರ ಮೇಲ್‌ಬಾಕ್ಸಿನಲ್ಲಿ ಹೊಸ ರೂಲ್, ಅಂದರೆ ಬಂದ ಮೇಲನ್ನು ತಾನಾಗಿ ಎಲ್ಲಿಗೆ ಕಳಿಸಬೇಕು ಅನ್ನುವ ಸೂಚನೆ, ಸೃಷ್ಟಿಯಾಗಿದೆ, ಅಷ್ಟೇ. ಇಂಥವು ದಿನಕ್ಕೆ ಹತ್ತಾರು ಬರುತ್ತವೆ. ಆದರೆ ಈ ರೂಲಿಗೆ ಹೆಸರೇ ಇರಲಿಲ್ಲ, ಹೆಸರಿನ ಜಾಗದಲ್ಲಿ ಒಂದು ಚುಕ್ಕಿ. 'ಇನ್‌ವಾಯ್ಸ್' ಅನ್ನುವ ಪದ ಇರುವ ಮೇಲ್‌ಗಳೆಲ್ಲ ಯಾರೂ ತೆರೆಯದ ಒಂದು ಫೋಲ್ಡರಿಗೆ ಹೋಗಬೇಕು ಅಂತ ಬರೆದಿತ್ತು. ಲಾಗಿನ್ನಿನ ಸಮಯ 21:10 ಅಂತಿತ್ತು. ಲಾಗ್ ಇರುವುದು ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿ, ನಮ್ಮ ಸಮಯ ಬೇಕೆಂದರೆ ಅದಕ್ಕೆ ಐದೂವರೆ ಗಂಟೆ ಕೂಡಿಸಬೇಕು. ಅಂದರೆ ನಡುರಾತ್ರಿ 2:40. ಆ ಹೊತ್ತಿನಲ್ಲಿ ಆ ಅಕೌಂಟೆಂಟ್ ಬೇರೆ ದೇಶದಿಂದ ಲಾಗಿನ್ ಆಗಲು ಕಾರಣವೇ ಇಲ್ಲ. ಆ ಅಕೌಂಟಿನಲ್ಲಿ ತೆರೆದಿದ್ದ ಲಾಗಿನ್‌ಗಳನ್ನೆಲ್ಲ ಕತ್ತರಿಸಿ, ಪಾಸ್‌ವರ್ಡ್ ಬದಲಿಸಿ, ರೂಲನ್ನು ದಾಖಲಿಸಿಕೊಂಡು ತೆಗೆದೆವು. ಸಪ್ಲೈಯರ್ ಒಬ್ಬರ ಬ್ಯಾಂಕ್ ಖಾತೆ ಬದಲಾಗಿದೆ ಅನ್ನುವ ಸುಳ್ಳು ಮೇಲ್ ಡ್ರಾಫ್ಟಿನಲ್ಲಿ ತಯಾರಾಗಿತ್ತು, ಇನ್ನೂ ಹೋಗಿರಲಿಲ್ಲ.

ಆಮೇಲೆ ಬೆಳಗಿನವರೆಗೂ ಬರವಣಿಗೆ. ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಕೊಡಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ಆ ರಾತ್ರಿ ನಾನು ಒಂದೇ ಒಂದು 'ಹ್ಯಾಕ್' ಮಾಡಲಿಲ್ಲ. ಓದಿದೆ, ಲೆಕ್ಕ ಹಾಕಿದೆ, ಫೋನ್ ಮಾಡಿ ಜನರನ್ನು ಎಬ್ಬಿಸಿದೆ, ಬರೆದೆ. ಬೆಳಿಗ್ಗೆ ಅಮ್ಮ ಕೊಟ್ಟ ಚಹಾದಷ್ಟು ರುಚಿಯ ಚಹಾ ನಾನು ಯಾವತ್ತೂ ಕುಡಿದಿಲ್ಲ.

ಈಗ ನಿಮ್ಮ ಒಂದು ತಿಂಗಳಿಗೆ ಬರೋಣ. 8 ಜಿಬಿ ರ‍್ಯಾಮ್ ಇರುವ ಹಳೇ ಲ್ಯಾಪ್‌ಟಾಪ್, ಒಂದು ನೋಟ್‌ಬುಕ್, ದಿನಕ್ಕೆ ಎರಡು ಗಂಟೆ ಸಾಕು. ಹ್ಯಾಕಿಂಗ್ ಸಾಧನಗಳನ್ನೆಲ್ಲ ತುಂಬಿಕೊಂಡು ಬರುವ ಕಾಲಿ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಈಗಲೇ ಹಾಕಬೇಡಿ. ಅದರ ಆಸೆ ಎಲ್ಲರಿಗೂ ಇರುತ್ತೆ, ಸ್ವಲ್ಪ ತಡೆಯಿರಿ.

ಮೊದಲ ವಾರ ನಿಮ್ಮದೇ ವಿಂಡೋಸಿನಲ್ಲಿ ಲಾಗ್ ತೋರಿಸುವ ಈವೆಂಟ್ ವ್ಯೂವರ್ ತೆರೆಯಿರಿ. ಅದರಲ್ಲಿ ಸೆಕ್ಯೂರಿಟಿ ಲಾಗ್. ಸ್ಕ್ರೀನ್ ಲಾಕ್ ಮಾಡಿ, ಬೇಕಂತಲೇ ಐದು ಸಲ ತಪ್ಪು ಪಾಸ್‌ವರ್ಡ್ ಹಾಕಿ, ಆರನೇ ಸಲ ಸರಿಯಾದದ್ದು. ಈಗ ಲಾಗಿನಲ್ಲಿ ನಿಮ್ಮನ್ನು ನೀವೇ ಹುಡುಕಿ. ಪ್ರತಿ ಘಟನೆಗೂ ಒಂದು ಈವೆಂಟ್ ನಂಬರ್ ಇರುತ್ತದೆ: ತಪ್ಪಿದ್ದು 4625, ಒಳಗೆ ಹೋದದ್ದು 4624. ತಪ್ಪಿದ್ದು ಕಾಣದಿದ್ದರೆ ವಿಂಡೋಸ್ ಯಾವುದನ್ನು ದಾಖಲಿಸಬೇಕು ಅಂತ ಹೇಳುವ ಆಡಿಟ್ ಪಾಲಿಸಿಯಲ್ಲಿ ಲಾಗಾನ್ ಫೇಲ್ಯೂರ್ ಆನ್ ಮಾಡಿ. 4624 ಹುಡುಕಿದರೆ ನೂರಾರು ಸಿಗುತ್ತವೆ. ಗಾಬರಿಯಾಗಬೇಡಿ. ಲಾಗಾನ್ ಟೈಪ್ ನೋಡಿ: 5 ಅಂದರೆ ಹಿಂದೆ ತಾನಾಗಿ ಓಡುವ ಸರ್ವಿಸ್, 2 ಅಂದರೆ ಕೀಬೋರ್ಡಿನ ಮುಂದೆ ಕೂತ ಮನುಷ್ಯ, 7 ಅಂದರೆ ಲಾಕ್ ತೆಗೆದದ್ದು, 10 ಅಂದರೆ ರಿಮೋಟ್ ಡೆಸ್ಕ್‌ಟಾಪ್, ಅಂದರೆ ದೂರದ ಕಂಪ್ಯೂಟರಿನಿಂದ ಬಂದದ್ದು. ಮರಳು ಯಾವುದು, ಮಂಡಕ್ಕಿ ಯಾವುದು ಅಂತ ನಿಮಗೇ ಕಾಣಲು ಶುರುವಾಗುತ್ತದೆ. ಆ ಹೊತ್ತಿನಲ್ಲಿ ನಿಮಗೆ ಖುಷಿಯಾಯಿತಾ, ಬೇಸರವಾಯಿತಾ? ಅದನ್ನು ಪ್ರಾಮಾಣಿಕವಾಗಿ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಎರಡನೇ ವಾರ ವೈರ್‌ಶಾರ್ಕ್, ನೆಟ್‌ವರ್ಕಿನಲ್ಲಿ ಹೋಗಿ ಬರುವ ಡೇಟಾ ತೋರಿಸುವ ಸಾಫ್ಟ್‌ವೇರ್. ಒಂದು ವೆಬ್‌ಸೈಟ್ ತೆರೆದಾಗ ಸೈಟಿನ ಹೆಸರಿನಿಂದ ಅದರ ವಿಳಾಸ ಹುಡುಕಲು ಡಿಎನ್‌ಎಸ್ ಏನು ಕೇಳುತ್ತದೆ, ಎರಡು ಕಂಪ್ಯೂಟರ್‌ಗಳು ಮಾತು ಶುರು ಮಾಡಲು ಟಿಸಿಪಿ ಹೇಗೆ ಕೈಕುಲುಕುತ್ತದೆ ಅಂತ ನೋಡಿ. ಮೂರನೇ ವಾರ ಓವರ್‌ದವೈರ್ ವೆಬ್‌ಸೈಟಿನ 'ಬ್ಯಾಂಡಿಟ್' ಆಟ. ಲಿನಕ್ಸ್ ಕಮಾಂಡುಗಳು ಆಡುತ್ತಾ ಆಡುತ್ತಾ ಬರುತ್ತವೆ, ಪುಕ್ಕಟೆ. ವೆಬ್ ಕಡೆ ಮನಸ್ಸಿದ್ದರೆ ಪೋರ್ಟ್‌ಸ್ವಿಗರ್‌ನ ವೆಬ್ ಸೆಕ್ಯೂರಿಟಿ ಅಕಾಡೆಮಿ, ಅದೂ ಪುಕ್ಕಟೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕಲಿತದ್ದನ್ನು ಕಾಲೇಜಿನ ವೈಫೈ ಮೇಲೆ, ಪಕ್ಕದ ಅಂಗಡಿಯ ಸಿಸಿಟಿವಿ ಮೇಲೆ ಸುಮ್ನೆ ಅಂತಲೂ ಪ್ರಯೋಗಿಸಬೇಡಿ. ಅನುಮತಿ ಇಲ್ಲದೆ ಬೇರೆಯವರ ಸಿಸ್ಟಮ್ ಒಳಗೆ ಹೋಗುವುದು, ಅದರ ಡೇಟಾ ತೆಗೆಯುವುದು ಐಟಿ ಕಾಯ್ದೆಯ ಪ್ರಕಾರ ತಪ್ಪು. ಅಪ್ರಾಮಾಣಿಕವಾಗಿ ಇಲ್ಲವೇ ಮೋಸದಿಂದ ಮಾಡಿದರೆ ಅದರ 66ನೇ ಸೆಕ್ಷನ್ ಪ್ರಕಾರ ಅಪರಾಧ: ಮೂರು ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷದವರೆಗೆ ದಂಡ, ಅಥವಾ ಎರಡೂ. "ಯಾರದ್ದಾದರೂ ವಾಟ್ಸ್‌ಆ್ಯಪ್ ತೆಗೆದುಕೊಡ್ತೀರಾ?" ಅಂತ ನನ್ನನ್ನು ಕೇಳಿದವರು ಎಷ್ಟೋ ಮಂದಿ. ಅವರಿಗೆ ಇಲ್ಲ ಅನ್ನುತ್ತೇನೆ. ದುಡ್ಡು ಕಳೆದುಕೊಂಡು ಅಳುತ್ತಾ ಬಂದವರಿಗೆ ಅಲ್ಲೇ ಕೂರಿಸಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸುತ್ತೇನೆ. ಎಷ್ಟು ಬೇಗ ಮಾಡಿದರೆ ದುಡ್ಡು ತಡೆಯುವ ಅವಕಾಶ ಅಷ್ಟು ಜಾಸ್ತಿ.

ನಾಲ್ಕನೇ ವಾರ ಪೂರ್ತಿ ಬರವಣಿಗೆಗೆ ಇಡಿ. ಇದನ್ನೇ ಎಲ್ಲರೂ ಬಿಡುವುದು. ಮೊದಲ ವಾರ ನೀವೇ ಮಾಡಿದ ತಪ್ಪು ಪಾಸ್‌ವರ್ಡಿನ 'ಘಟನೆ'ಯನ್ನು ಒಂದು ಪುಟದಲ್ಲಿ ಬರೆಯಿರಿ. ಏನಾಯಿತು, ಎಷ್ಟು ಹೊತ್ತಿಗೆ, ಹೇಗೆ ಗೊತ್ತಾಯಿತು, ಏನು ಮಾಡಬೇಕು, ಯಾವುದು ಇನ್ನೂ ಖಾತ್ರಿಯಿಲ್ಲ. ಮೊದಲು ಕನ್ನಡದಲ್ಲಿ ಬರೆಯಿರಿ, ಆಮೇಲೆ ಇಂಗ್ಲಿಷಿಗೆ ತನ್ನಿ. ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಸೇರಿದ ಹೊಸದರಲ್ಲಿ ನನ್ನ ವರದಿಗಳು ತಿದ್ದುಪಡಿ ತುಂಬಿಕೊಂಡು ವಾಪಸ್ ಬರುತ್ತಿದ್ದವು. ತೊಡಕು ಇಂಗ್ಲಿಷಿನದ್ದು ಅಂದುಕೊಂಡಿದ್ದೆ. ನಿಜಕ್ಕೂ ಘಟನೆಯ ಕ್ರಮವೇ ನನ್ನ ತಲೆಯಲ್ಲಿ ಸ್ಪಷ್ಟವಿರಲಿಲ್ಲ. ಕನ್ನಡದಲ್ಲಿ ಸ್ಪಷ್ಟವಾದ ಮೇಲೆ ಇಂಗ್ಲಿಷಿನ ಸಣ್ಣ ವಾಕ್ಯಗಳು ತಾವಾಗಿ ಬಂದವು. ಪೆನ್ ಟೆಸ್ಟಿಂಗ್, ಅಂದರೆ ಅನುಮತಿ ಪಡೆದು ಸಿಸ್ಟಮ್ಮಿನ ತೂತು ಹುಡುಕುವ ಕೆಲಸ, ಮಾಡುವ ನನ್ನ ಗೆಳತಿಯೂ ಇದನ್ನೇ ಹೇಳುತ್ತಾಳೆ. ರಿಪೋರ್ಟ್ ಓದಿ ಅರ್ಥವಾಗದಿದ್ದರೆ ಹುಡುಕಿದ ತೂತನ್ನು ಯಾರೂ ಮುಚ್ಚುವುದಿಲ್ಲ.

2021ರ ಡಿಸೆಂಬರಿನಲ್ಲಿ ಲಾಗ್4ಜೆಯಲ್ಲಿ, ಅಂದರೆ ಎಷ್ಟೋ ಸಾಫ್ಟ್‌ವೇರ್‌ಗಳು ಲಾಗ್ ಬರೆಯಲು ಬಳಸುವ ಸಿದ್ಧ ಕೋಡಿನ ಲೈಬ್ರರಿಯಲ್ಲಿ, ದೋಷ ಹೊರಬಿದ್ದಾಗಲೂ ನಮ್ಮನ್ನು ದಣಿಸಿದ್ದು ದಾಳಿಕೋರರಲ್ಲ. ಆ ಲೈಬ್ರರಿ ಯಾವ ಯಾವ ಸರ್ವರಿನಲ್ಲಿದೆ ಅಂತ ಯಾರ ಹತ್ತಿರವೂ ಸರಿಯಾದ ಪಟ್ಟಿ ಇರಲಿಲ್ಲ. ಸ್ಪ್ರೆಡ್‌ಶೀಟ್ ಹಿಡಿದು ಹತ್ತು ದಿನ ಒಬ್ಬೊಬ್ಬರನ್ನೇ ಕೇಳಿ ಪಟ್ಟಿ ಮಾಡಿದೆವು.

ರಾತ್ರಿ ಪಾಳಿಯ ಬಗ್ಗೆಯೂ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಎರಡು ವರ್ಷಕ್ಕೊಮ್ಮೆ ಬರುವ ನಮ್ಮೂರ ದುಗ್ಗಮ್ಮನ ಜಾತ್ರೆಯನ್ನು ನಾನು ಒಮ್ಮೆ ಪೂರ್ತಿ ತಪ್ಪಿಸಿಕೊಂಡೆ. ಮನೆ ತುಂಬ ನೆಂಟರು, ನಾನು ಬಾಗಿಲು ಹಾಕಿಕೊಂಡು ಹಗಲು ನಿದ್ದೆ. ಇಂದಿಗೂ ಆ ನೋವಿದೆ. ಕರೆಂಟ್ ಹೋದರೆ ಅಂತ ಯುಪಿಎಸ್, ಇಂಟರ್‌ನೆಟ್ಟಿಗೆ ಎರಡನೇ ಲೈನ್, ಇವೂ ನನ್ನ ಸಂಬಳದಲ್ಲೇ. ಮೊದಲ ಸಂಬಳ ಕೈಗೆ ಬಂದದ್ದು 21 ಸಾವಿರ.

ತಿಂಗಳಾದ ಮೇಲೆ ನೋಟ್‌ಬುಕ್ ತಿರುವಿ. ಲಾಗ್ ಹುಡುಕುವಾಗ ಹೊತ್ತು ಹೋದದ್ದೇ ಗೊತ್ತಾಗದ ದಿನಗಳಿದ್ದರೆ ಮುಂದುವರಿಯಿರಿ. ಬರೆದ ಪುಟಗಳಲ್ಲಿ ಒಳ್ಳೆಯ ಎರಡನ್ನು ಕೆಲಸದ ಅರ್ಜಿಯ ಜೊತೆ ಕಳಿಸಿ. ಸಂದರ್ಶನದಲ್ಲಿ ನೀವೂ ಮೂರು ಪ್ರಶ್ನೆ ಕೇಳಿ. ಒಂದು ಪಾಳಿಯಲ್ಲಿ ಒಬ್ಬರಿಗೆ ಎಷ್ಟು ಅಲರ್ಟ್? ತಿಂಗಳಿಗೆ ಎಷ್ಟು ರಾತ್ರಿ? ನಡುರಾತ್ರಿ ನಿಜವಾದ ದಾಳಿ ಸಿಕ್ಕರೆ ನಾನು ಯಾರಿಗೆ ಫೋನ್ ಮಾಡಬೇಕು, ಅವರು ಎತ್ತುತ್ತಾರಾ? ಮೂರನೆಯದಕ್ಕೆ ತಡವರಿಸಿದ ಒಂದು ಕಡೆ ಜಾಸ್ತಿ ಸಂಬಳ ಕೊಡುತ್ತೇವೆ ಅಂದರೂ ನಾನು ಸೇರಲಿಲ್ಲ.