ಹಳೇ ಲಾಡ್ಜ್ ಕಟ್ಟಿದ್ದು ಯಾವಾಗ? ಪತ್ತೆ ಹಚ್ಚುವ ಬಗೆ

ಅಮೆರಿಕದ ಪಾಮ್ ಸ್ಪ್ರಿಂಗ್ಸಿನಲ್ಲಿ ವಿಲಿಯಂ ಕೋಡಿ ವಿನ್ಯಾಸ ಮಾಡಿದ ಡೆಲ್ ಮಾರ್ಕೋಸ್ ಹೋಟೆಲ್ 1947ರದ್ದು. ಅದು ಮರುಭೂಮಿ, ಚಪ್ಪಟೆ ತಾರಸಿಗೆ ಅಲ್ಲಿ ತೊಂದರೆಯಿಲ್ಲ. ಅದೇ ಧಾಟಿಯ ನೇರ ಗೆರೆ, ಉದ್ದ ಸಜ್ಜ, ಜಾಲಿ ಗೋಡೆ ಹಾಸನ, ಚಿಕ್ಕಮಗಳೂರಿನ ಹಳೇ ಲಾಡ್ಜುಗಳಲ್ಲೂ ಕಾಣುತ್ತವೆ. ಆದರೆ ಮಲೆನಾಡಿನ ಮಳೆಗೆ ತಾರಸಿ ಸೋರಿ, ಮೇಲೆ ಶೀಟು ಏರಿರುತ್ತದೆ. ಹಾಗಾಗಿ ರಸ್ತೆಯಲ್ಲಿ ನಿಂತು ವಯಸ್ಸು ಹೇಳಬೇಡಿ, ಶೀಟಿನ ಕೆಳಗೆ ಹತ್ತಿ ನೋಡಿ. ಮೂಲ ಪ್ಯಾರಾಪೆಟ್, ನೀರು ಹೋಗುವ ತೂಬು ಅಲ್ಲೇ ಉಳಿದಿರುತ್ತವೆ. ಕೋಣೆಗಳನ್ನು ಅಡಿ-ಅಂಗುಲದಲ್ಲೂ ಅಳೆಯಿರಿ: ಗೋಡೆಯಿಂದ ಗೋಡೆಗೆ ಸರಿಯಾಗಿ 10 ಅಡಿ, 12 ಅಡಿ ಬಂದರೆ ಮೂಲ ಗೋಡೆ ಇರಬಹುದು, 9 ಅಡಿ 4 ಅಂಗುಲದಂಥ ವಿಚಿತ್ರ ಅಳತೆ ಬಂದರೆ ನಡುವೆ ಆಮೇಲೆ ಗೋಡೆ ಎದ್ದಿದೆಯೇ ಎಂದು ತಟ್ಟಿ ನೋಡಿ.

ಹಳೇ ಬಿಲ್ಲು, ಗಲ್ಲಾ ಪುಸ್ತಕ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಮೊತ್ತ ಆಣೆಯಲ್ಲಿದ್ದರೆ ಸಾಮಾನ್ಯವಾಗಿ 1957ರ ಏಪ್ರಿಲ್‌ಗಿಂತ ಹಿಂದಿನದು. 'ನಯಾ ಪೈಸೆ' ಎಂದಿದ್ದರೆ 1957ರಿಂದ 1964ರ ನಡುವಿನದು. ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರ ಅಚ್ಚಾದದ್ದು. 'ಮೈಸೂರು ರಾಜ್ಯ' ಎಂದಿದ್ದರೆ 1973ರ ನವೆಂಬರ್‌ಗೆ ಮುಂಚಿನ ಅಚ್ಚು. ಎಚ್ಚರ: ಅಚ್ಚಾದ ಬಿಲ್ ಪುಸ್ತಕವನ್ನು ಯಾರೂ ಎಸೆಯುವುದಿಲ್ಲ, ಮುಗಿಯುವ ತನಕ ಬಳಸುತ್ತಾರೆ. ಅಚ್ಚಿಗಿಂತ ಕೈಬರಹದ ಮೊತ್ತ, ತಾರೀಖು ನಂಬಿ.

ಇನ್ನು ಕಚೇರಿ ದಾಖಲೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇ.ಸಿ.ಗೆ (ಆಸ್ತಿಯ ನೋಂದಾಯಿತ ವಹಿವಾಟು ತೋರಿಸುವ ಋಣಭಾರ ಪತ್ರ) ಅರ್ಜಿ ಹಾಕುವಾಗ ಸರ್ವೆ ನಂಬರ್, ಖಾತೆ ನಂಬರ್ ಜತೆಗೆ ಚಕ್ಕುಬಂದಿಯನ್ನೂ (ನಾಲ್ಕು ದಿಕ್ಕಿನ ಗಡಿ) ಬರೆಯಿರಿ. ನಂಬರ್ ಬದಲಾಗಿದ್ದರೆ 'ವಹಿವಾಟಿಲ್ಲ' ಎಂದು ನಮೂನೆ 16 ಕೈಗೆ ಬರುತ್ತದೆ, ಜನ ಅಲ್ಲಿಗೇ ಕೈಬಿಡುತ್ತಾರೆ. ವಹಿವಾಟು ಇದ್ದರೆ ನಮೂನೆ 15. ಆದರೆ ಇ.ಸಿ.ಯಲ್ಲಿ ಬರುವುದು ನೋಂದಣಿಯಾದ ಪತ್ರಗಳಷ್ಟೇ. ಕಟ್ಟಡ ಎದ್ದದ್ದು ಅದರಲ್ಲಿ ಇರುವುದಿಲ್ಲ. ಅದಕ್ಕೆ ಕ್ರಯಪತ್ರಗಳ ದೃಢೀಕೃತ ನಕಲು ತೆಗೆಸಿ. ಒಂದರಲ್ಲಿ 'ಖಾಲಿ ನಿವೇಶನ', ಮುಂದಿನದರಲ್ಲಿ 'ಆರ್‌ಸಿಸಿ ಕಟ್ಟಡ' ಎಂದಿದ್ದರೆ ಕಟ್ಟಿದ್ದು ಆ ಎರಡರ ನಡುವೆ. ಅಕ್ಕಪಕ್ಕದ ನಿವೇಶನಗಳ ಪತ್ರ ಇನ್ನೂ ಒಳ್ಳೆಯ ಸಾಕ್ಷಿ: 'ಪೂರ್ವಕ್ಕೆ ಇಂಥವರ ಲಾಡ್ಜ್' ಎಂದು ಅದರಲ್ಲಿ ಬರೆದಿದ್ದರೆ, ಆ ತಾರೀಖಿಗೆ ಲಾಡ್ಜ್ ಇತ್ತು. ನಂತರ ನಗರಾಡಳಿತದ ಕಂದಾಯ ರಿಜಿಸ್ಟರಿನಲ್ಲಿ ತೆರಿಗೆ ಒಮ್ಮೆಲೇ ಏರಿದ ವರ್ಷ ಹುಡುಕಿ. ಹೊಸ ಮಹಡಿಗೂ ತೆರಿಗೆ ಏರುತ್ತದೆ ಅನ್ನುವುದು ನೆನಪಿರಲಿ.

ಹಳೇ ಅಡುಗೆಭಟ್ಟರನ್ನು, ಗಾರೆ ಮೇಸ್ತ್ರಿಗಳನ್ನು 'ಯಾವ ಇಸವಿ?' ಎಂದು ಕೇಳಬೇಡಿ, ಅಂದಾಜಿನ ಉತ್ತರ ಬರುತ್ತದೆ. ಚಿಕ್ಕಮಗಳೂರಿನಲ್ಲಾದರೆ, ಇಂದಿರಾ ಗಾಂಧಿ ಉಪಚುನಾವಣೆಗೆ ನಿಂತಾಗ (1978) ಮಹಡಿ ಇತ್ತೇ ಎಂದು ಕೇಳಿ. ಹಾಸನದಲ್ಲಾದರೆ ಗೊರೂರು ಅಣೆಕಟ್ಟು ಮುಗಿಯುವ (1979) ಮೊದಲೋ ಆಮೇಲೋ ಎನ್ನಿ.

ಬೋರ್ಡಿನ ಮೇಲಿನ 'ಸ್ಥಾಪನೆ' ಇಸವಿಯನ್ನು ಕೊನೆಗೆ ನೋಡಿದರೆ ಸಾಕು. ಅದು ವ್ಯಾಪಾರ ಶುರುವಾದ ವರ್ಷ. ಆಗ ಹೋಟೆಲ್ ಬೇರೆ ಬೀದಿಯ ಬಾಡಿಗೆ ಮಳಿಗೆಯಲ್ಲಿ ಇದ್ದಿರಬಹುದು.