ಸಿಗಡಿ ಫ್ರೈಡ್ ರೈಸ್ ಉದುರುದುರಾಗಿ ಬರಲು

ಮನೆಯ ಫ್ರೈಡ್ ರೈಸ್ ಮುದ್ದೆಯಾಗುತ್ತೆ ಅನ್ನುವವರು ಮೊದಲು ಅನ್ನ ನೋಡಿಕೊಳ್ಳಿ. ಬೆಳ್ತಿಗೆ ಅನ್ನವನ್ನು ಹಿಂದಿನ ರಾತ್ರಿಯೇ ಮಾಡಿ, ಅಗಲ ತಟ್ಟೆಯಲ್ಲಿ ಬೇಗ ಆರಿಸಿ ಫ್ರಿಜ್ಜಿನಲ್ಲಿಡಿ. ಹೊರಗೆ ಬಿಡಬೇಡಿ, ನಮ್ಮ ಕಾರವಾರದ ಸೆಕೆಗೆ ಹಳಸುತ್ತೆ.

ಮಾರ್ಕೆಟ್ಟಿನಲ್ಲಿ ತಾಜಾ ಸಿಗಡಿ ಸಿಕ್ಕರೆ ಇನ್ನೇನು ಬೇಕು, ಅಲ್ವಾ? ನರ ತೆಗೆದು ತೊಳೆದು, ಬಟ್ಟೆಯಲ್ಲಿ ಒತ್ತಿ ಒರೆಸಿ, ಸ್ವಲ್ಪ ಕಾರ್ನ್‌ಫ್ಲೋರ್ ಸವರಿ. ಕಬ್ಬಿಣದ ಬಾಣಲೆ ಚೆನ್ನಾಗಿ ಕಾದ ಮೇಲೆ ಎಣ್ಣೆ, ಆಮೇಲೆ ಸಿಗಡಿ. ಬೂದು ಬಣ್ಣ ಪೂರ್ತಿ ಹೋಗಿ, ಕೆಂಪಗೆ ಮುದುಡಿದ ಕೂಡಲೇ ತೆಗೆದಿಡಿ. ಜಾಸ್ತಿ ಬೆಂದರೆ ರಬ್ಬರ್ ಥರ ಆಗುತ್ತೆ.

ಬೆಳ್ಳುಳ್ಳಿ, ಬೀನ್ಸ್, ಕ್ಯಾರೆಟ್, ಅನ್ನ ಎಲ್ಲ ಜೋರು ಉರಿಯಲ್ಲೇ. ಒಮ್ಮೆಗೆ ಇಬ್ಬರಿಗಾಗುವಷ್ಟೇ ಮಾಡಿ. ಬಾಣಲೆ ತುಂಬಿದರೆ ತರಕಾರಿ ನೀರು ಬಿಡುತ್ತೆ. ಕೊನೆಗೆ ಸಿಗಡಿ ಸೇರಿಸಿ, ಸೋಯಾ ಸಾಸ್ ಅಂಚಿನಿಂದ ಬಿಡಿ. ಅದರಲ್ಲೇ ಉಪ್ಪಿರುತ್ತೆ, ರುಚಿ ನೋಡಿಯೇ ಬೇರೆ ಉಪ್ಪು ಹಾಕಿ.